ಕಾಫಿಪುಡಿಯ ಘಮ

ಶಿಕಾರಿಪುರದ ಮಾರುಕಟ್ಟೆಯ ಮಂದಿಗೆ ದಲಾಲಿ ಮಂಡಿಯ ಚಂದ್ರಶೇಖರಪ್ಪನವರ ಮನೆಯ ಕಾಫಿ ಗೊತ್ತಿತ್ತು. ಮೆಕ್ಕೆಜೋಳದ ಹರಾಜು ಮುಗಿಸಿ ಏನಾದರೊಂದು ನೆಪ ಹೇಳಿಕೊಂಡು ಮನೆತನಕ ಬರುವವರೆಲ್ಲ ಕೊನೆಗೆ ಕೂರುತ್ತಿದ್ದದ್ದು ಕಾಫಿಗೆ. ಆ ಹೆಸರು ಗಳಿಸಿದವಳು ಅವರ ಹೆಂಡತಿ ನೀಲಾಂಬಿಕ. ಕಾಫಿ ಯಾರು ಬೇಕಾದರೂ ಮಾಡುತ್ತಾರೆ, ಪುಡಿ ಇಡೋದು ಗೊತ್ತಿರಬೇಕು ಎನ್ನುತ್ತಿದ್ದಳು. ವಾರಕ್ಕೆ ಬೇಕಾದಷ್ಟೇ ಪುಡಿ ತರಿಸುವುದು, ಸ್ಟೀಲಿನ ಸಣ್ಣ ಡಬ್ಬಿಗೆ ತುಂಬಿ ಮುಚ್ಚಳದಡಿ ಬೆಣ್ಣೆಕಾಗದ ಹಾಕಿ ತಿರುಗಿಸುವುದು, ಒಲೆಯ ಕಾವು ತಾಕದಂತೆ ಮೂಲೆಯ ಮರದ ಕಪಾಟಿನಲ್ಲಿಡುವುದು, ಒದ್ದೆ ಚಮಚ ಮಾತ್ರ ಅದರ ಹತ್ತಿರ ಸುಳಿಯಬಾರದು. ಇಷ್ಟು ಮಾಡಿದರೆ ಡಬ್ಬಿ ಬಿಚ್ಚಿದಾಗ ಪಡಸಾಲೆಯಲ್ಲಿ ಕೂತವನಿಗೂ ಗೊತ್ತಾಗುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ನೀಲಾಂಬಿಕ ಜ್ವರ ಬಂದು ಮಲಗಿದಳು. ಜೊತೆಗೆ ಮೂಗು ಕಟ್ಟುವ ನೆಗಡಿ. ಅಡಿಗೆಮನೆ ಪೂರ್ತಿ ಸೊಸೆ ರಕ್ಷಿತಾಳ ಕೈಗೆ ಬಂತು. ಸೊರಬ ತಾಲೂಕಿನ ಉಳವಿಯಿಂದ ಬಂದ ಹುಡುಗಿ. ಬಿ.ಕಾಂ. ಓದಿದ್ದಳು. ಮಗ ಚನ್ನೇಶನ ಪೈಪು, ಮೋಟಾರಿನ ಅಂಗಡಿಯಲ್ಲಿ ಮಧ್ಯಾಹ್ನದ ಮೇಲೆ ಕೂತು ಕಂಪ್ಯೂಟರಿನಲ್ಲಿ ಬಿಲ್ಲು ನೋಡಿಕೊಳ್ಳುತ್ತಿದ್ದಳು. ಬೆಳಗಿನ ರೊಟ್ಟಿ, ಪಲ್ಯ, ಅತ್ತೆಗೆ ಗಂಜಿ, ಮಾವನಿಗೆ ಬಿಸಿನೀರು ಎಲ್ಲ ಮುಗಿಸಿಯೇ ಹೋಗುತ್ತಿದ್ದಳು.

ಜ್ವರ ಬಿಟ್ಟ ಮೇಲೆ ನೀಲಾಂಬಿಕ ಎದ್ದು ಪಡಸಾಲೆಗೆ ಬಂದು ಕೂತಳು. ರಕ್ಷಿತಾ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದು ನೀಲಾಂಬಿಕ ಲೋಟ ಕೆಳಗಿಟ್ಟಳು.

"ಇದೇನೇ ಇದು? ಕಹಿ ಐತೆ, ಸಿಹಿ ಐತೆ, ಘಮ ಅನ್ನೋದೇ ಇಲ್ಲ. ಪುಡಿ ಎಲ್ಲಿಟ್ಟಿದ್ದಿ?"

"ಫ್ರಿಜ್ಜಲ್ಲಿ ಅತ್ತೆ. ಥಂಡಿಗೆ ಗಂಟು ಕಟ್ತಿತ್ತು, ಅದಕ್ಕೆ."

"ಫ್ರಿಜ್ಜಲ್ಲಿ. ಹೆಚ್ಚಿಟ್ಟ ಈರುಳ್ಳಿ, ದೋಸೆ ಹಿಟ್ಟು, ಅದರ ನಡುವೆ ಕಾಫಿಪುಡಿ. ಘಮ ಎಲ್ಲಿ ಉಳೀತೈತೆ? ನಿಮ್ಮವ್ವ ಇದನ್ನೇನೂ ಹೇಳಿಕೊಡ್ಲಿಲ್ವಾ?"

"ಡಬ್ಬಿ ಬಿಗಿಯಾಗಿತ್ತು ಅತ್ತೆ."

"ಎದುರು ಮಾತು ಬೇರೆ."

ಚಂದ್ರಶೇಖರಪ್ಪ ಪೇಪರು ಓದುತ್ತ ತಮ್ಮ ಲೋಟ ಖಾಲಿ ಮಾಡಿದರು. ಚನ್ನೇಶ ಬೂಟು ಹಾಕಿಕೊಳ್ಳುತ್ತಿದ್ದ.

ಆ ಪುಡಿಯನ್ನು ಕೆಲಸದ ರಾಜಪ್ಪನಿಗೆ ಕೊಟ್ಟು, ಹೊಸದು ತರಿಸಿ ಕಪಾಟಿನಲ್ಲಿಟ್ಟದ್ದಾಯಿತು. ಮಾರನೆಯ ದಿನದ ಕಾಫಿಯೂ ನೀಲಾಂಬಿಕಳಿಗೆ ಸಪ್ಪೆ. ಡಬ್ಬಿಗೇ ಫ್ರಿಜ್ಜಿನ ನಾತ ಹಿಡಿದಿರಬೇಕೆಂದಳು. ರಕ್ಷಿತಾ ಡಬ್ಬಿ ತೊಳೆದು ಬಿಸಿಲಿಗಿಟ್ಟಳು. ಆಮೇಲೆ ತಾನೇ ಹೋಗಿ ರಬ್ಬರಿನ ಬಾಯಿಯ, ಕೊಂಡಿ ಹಾಕುವ ಗಾಜಿನ ಭರಣಿ ತಂದಳು.

"ಇದಕ್ಕೆ ಗಾಳಿ ಹೋಗಲ್ಲ ಅತ್ತೆ."

"ಬೆಳಕು ಹೋಗ್ತೈತಲ್ಲ. ಬೆಳಕಿಗೆ ಪುಡಿ ಸಾಯ್ತೈತೆ."

"ಕಪಾಟಿನೊಳಗೇ ಇಡ್ತೀನಿ, ಕತ್ತಲಲ್ಲಿ."

ಅದೂ ಆಗಲಿಲ್ಲ. ಕೊನೆಗೆ ರಕ್ಷಿತಾ ಹುರಿದ ಬೀಜವನ್ನೇ ತರಿಸಿ, ದಿನಾ ಬೆಳಗ್ಗೆ ಬೇಕಾದಷ್ಟು ಮಾತ್ರ ಮಿಕ್ಸಿಯಲ್ಲಿ ತಿರುವಿ ಸೋಸತೊಡಗಿದಳು. ಮಿಕ್ಸಿಯ ಸದ್ದಿಗೆ ಮಾವ ಏಳುತ್ತಿದ್ದರು. ಏಳುತ್ತಲೇ ಅಡಿಗೆಮನೆಯ ಕಡೆ ಮುಖ ಮಾಡಿ ಒಂದು ಉಸಿರೆಳೆದುಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ನೀಲಾಂಬಿಕ ಲೋಟ ಮೂಗಿನ ಹತ್ತಿರ ತಂದು, ಮುಖ ಕಿವುಚಿ, "ಹುಂ, ಏನು ಮಾಡಿದ್ರೂ ಇಷ್ಟೇ," ಎನ್ನುತ್ತಿದ್ದಳು.

ಊಟಕ್ಕೆ ಕೂತರೂ ಅದೇ ಮಾತು. ಸಾರಿಗೆ ಒಗ್ಗರಣೆ ಬಿದ್ದಿಲ್ಲ, ತುಪ್ಪ ಸರಿಯಾಗಿ ಕಾಯಿಸಿಲ್ಲ, ಈ ಹುಡುಗಿಯ ಕೈಯಲ್ಲೇ ಏನೋ ಕೊರತೆ. ರಕ್ಷಿತಾ ಮೊದಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಚನ್ನೇಶ, "ಅವ್ವ, ನಂಗೇನೋ ಚೆನ್ನಾಗೇ ಐತೆ," ಎಂದ. "ಹೆಂಡತಿ ಮಾಡಿದ್ದಲ್ವೇನಪ್ಪ, ಇರ್ಲೇಬೇಕು," ಎಂದಳು ನೀಲಾಂಬಿಕ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಚಂದ್ರಶೇಖರಪ್ಪನವರ ತಂಗಿ ಜ್ಯೋತಿಲಕ್ಷ್ಮಿ ಅದೇ ಊರಿನಲ್ಲಿ ಕೆರೆಯ ಕಡೆಯ ಬಡಾವಣೆಯಲ್ಲಿದ್ದಳು. ದೇವಸ್ಥಾನಕ್ಕೆ ಹೋದವಳು ಅಣ್ಣನ ಮನೆಗೆ ಬಂದು ಕೂತು, ಕಾಫಿ ಕುಡಿಯುತ್ತ ಅತ್ತಿಗೆಯ ದೂರನ್ನೆಲ್ಲ ಕೇಳಿಸಿಕೊಂಡಳು. ಲೋಟ ಪೂರ್ತಿ ಬರಿದು ಮಾಡಿ ದನಿ ತಗ್ಗಿಸಿ ಕೇಳಿದಳು.

"ಪುಡಿಯೇ ಬೇರೆ ಆಗ್ತಿಲ್ಲ ತಾನೆ ಅತ್ತಿಗೆ?"

"ಅಂದ್ರೆ?"

"ಅಂಗಡಿಯಿಂದ ಬಂದಿದ್ದು ಒಂದು, ಡಬ್ಬಿಗೆ ಬಿದ್ದಿದ್ದು ಇನ್ನೊಂದು. ತೌರುಮನೆಗೆ ಹೋಗಿಬಂದು ಮಾಡೋ ಹುಡುಗೀರು. ನಾನು ಅಂದೆ ಅಂತ ಅನ್ನಬ್ಯಾಡ್ರಿ."

ನೀಲಾಂಬಿಕ ಆಗ, "ಛೆ, ಅಂಥಾದ್ದೇನಿಲ್ಲ," ಎಂದಳು. ಆದರೆ ಸಂಜೆ ಕಪಾಟು ತೆಗೆದಾಗ, ಬೀಜದ ಪೊಟ್ಟಣ ಎತ್ತಿ ಎಷ್ಟು ಇಳಿದಿದೆ ಎಂದು ಕೈಯಲ್ಲೇ ತೂಗಿ ನೋಡಿದಳು. ಅಲ್ಲಿಂದ ಮುಂದೆ ದಿನಾ ತೂಗಿ ನೋಡತೊಡಗಿದಳು.

ಗೌರಿ ಹಬ್ಬಕ್ಕೆ ರಕ್ಷಿತಾ ಉಳವಿಗೆ ಹೊರಟಳು. ಬ್ಯಾಗು ಪಡಸಾಲೆಯಲ್ಲಿತ್ತು. ಚನ್ನೇಶ ಬಸ್‌ಸ್ಟ್ಯಾಂಡಿಗೆ ಬಿಡಲು ಬೈಕು ಹೊರಗೆ ತೆಗೆಯುತ್ತಿದ್ದ. ಬಾಗಿನದ ಸಾಮಾನಿಗೆ ಬಂದಿದ್ದ ಜ್ಯೋತಿಲಕ್ಷ್ಮಿ ಸೋಫಾದ ಮೇಲೆ ಕೂತಿದ್ದಳು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ರಕ್ಷಿತಾ ಬಗ್ಗುವಷ್ಟರಲ್ಲಿ ನೀಲಾಂಬಿಕ ಬ್ಯಾಗಿನ ಜಿಪ್ಪಿಗೆ ಕೈಹಾಕಿದಳು.

"ಏನೇನು ಇಟ್ಕೊಂಡಿದ್ದಿ ನೋಡೋಣ. ಕುಂಕುಮ ಮರ್ತೀಯೇನೋ."

ಸೀರೆ ಎತ್ತಿಟ್ಟಳು. ತಾಯಿಗೆಂದು ತೆಗೆದ ಕುಪ್ಪಸದ ಬಟ್ಟೆ ಎತ್ತಿಟ್ಟಳು. ಒಳಗಿನ ಬಟ್ಟೆಗಳೂ ಸೋಫಾದ ಮೇಲೆ ಬಂದವು. ಅಡಿಯಲ್ಲಿ ಕಾಗದ ಸುತ್ತಿದ ಪೊಟ್ಟಣವೊಂದಿತ್ತು. ಮೇಲೆ ಕಾಫಿಪುಡಿ ಅಂಗಡಿಯ ಮುದ್ರೆ. ನೀಲಾಂಬಿಕ ಅದನ್ನು ಟೀಪಾಯಿಯ ಮೇಲೆ, ಜ್ಯೋತಿಲಕ್ಷ್ಮಿಗೆ ಕಾಣುವಂತೆ ಇಟ್ಟಳು.

"ಘಮ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ. ಉಳವಿ ಬಸ್ಸು ಹತ್ತುತ್ತಿತ್ತು ನೋಡು."

"ಅದು ಅಪ್ಪನಿಗೆ ಅಂತ ನಾನು ತಂದಿದ್ದು ಅತ್ತೆ. ನಿನ್ನೆ ನಿಮ್ಮ ಬೀಜ ತಂದಾಗಲೇ ತಂದೆ. ಅಂಗಡೀಲಿ ಕೇಳಿ."

"ಅಂಗಡೀಲಿ ಕೇಳೋಕೆ ನಾನು ಬೀದಿಗೆ ಹೋಗ್ಲಾ?"

ಚನ್ನೇಶ ಬಾಗಿಲಲ್ಲಿ ನಿಂತಿದ್ದ. ರಕ್ಷಿತಾ ಅವನ ಮುಖ ನೋಡಿದಳು. ಅವನು, "ಹೋಗ್ಲಿ ಬಿಡವ್ವ, ಬಸ್ಸಿಗೆ ಹೊತ್ತಾಯ್ತು," ಎಂದು ಬೈಕಿನ ಕಡೆ ತಿರುಗಿದ. ರಕ್ಷಿತಾ ತನ್ನ ಬಟ್ಟೆಗಳನ್ನು ಒಂದೊಂದಾಗಿ ಮಡಿಚಿ ಬ್ಯಾಗಿಗೆ ತುಂಬಿದಳು. ಪೊಟ್ಟಣವನ್ನು ಮುಟ್ಟಲಿಲ್ಲ. ನಮಸ್ಕಾರವನ್ನೂ ಮಾಡಲಿಲ್ಲ.

ಹಬ್ಬ ಮುಗಿದು ಗಣಪತಿ ಬಿಟ್ಟರೂ ರಕ್ಷಿತಾ ಬರಲಿಲ್ಲ. ಚನ್ನೇಶನ ಫೋನಿಗೆ, "ಸ್ವಲ್ಪ ದಿನ ಇರ್ತೀನಿ," ಎಂದಷ್ಟೇ ಹೇಳಿದಳಂತೆ. ಅಂಗಡಿಯಲ್ಲಿ ಬಿಲ್ಲುಗಳು ರಾಶಿ ಬಿದ್ದವು. ಚನ್ನೇಶ ಹೊತ್ತು ಮೀರಿ ಬಂದು, ತಟ್ಟೆಯ ಮೇಲೆ ಕಣ್ಣಿಟ್ಟು ಉಂಡು ಎದ್ದುಹೋಗುತ್ತಿದ್ದ. ನೀಲಾಂಬಿಕ ಆ ಪೊಟ್ಟಣವನ್ನು ಬಿಚ್ಚಿ ನೋಡಿದಳು. ಕದ್ದ ಪುಡಿಯಾದರೆ ಇದರಲ್ಲಾದರೂ ಘಮ ಇರಬೇಕಿತ್ತು. ಇರಲಿಲ್ಲ. ಹಾಗಾದರೆ ಅಂಗಡಿಯವನೇ ಮೋಸ ಮಾಡುತ್ತಿದ್ದಾನೆ ಎಂದುಕೊಂಡು, ಶಿವಮೊಗ್ಗಕ್ಕೆ ಹೊರಟ ಗಂಡನ ಕೈಲಿ ಬೇರೆ ಪುಡಿ ತರಿಸಿದಳು.

ಅದು ಬಂದ ದಿನ ಬಳ್ಳಿಗಾವಿಯ ರೈತರಿಬ್ಬರು ಮನೆಗೆ ಬಂದಿದ್ದರು. ಜ್ಯೋತಿಲಕ್ಷ್ಮಿಯೂ ಇದ್ದಳು. ನೀಲಾಂಬಿಕ ತಾನೇ ಹಾಲಿಟ್ಟು, ಡಿಕಾಕ್ಷನ್ ಇಳಿಸಿ, ಪಡಸಾಲೆಯ ಮಾತಿಗೆ ಕಿವಿಗೊಟ್ಟು ನಿಂತು, ಆಮೇಲೆ ಬೆರೆಸಿ ತಂದಳು.

"ಕುಡೀರಿ. ಇವತ್ತು ನನ್ನ ಕೈಯಿಂದು."

ರೈತರಿಬ್ಬರೂ ಒಂದು ಗುಟುಕು ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯ ಕಣ್ಣುಮುಚ್ಚಿ ಗಟಗಟ ಕುಡಿದುಬಿಟ್ಟ. ಜ್ಯೋತಿಲಕ್ಷ್ಮಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಚಂದ್ರಶೇಖರಪ್ಪ ಮೆಲ್ಲಗೆ, "ಹಾಲು ಸೀದೈತಲ್ಲೇ," ಎಂದರು.

"ಎಲ್ಲಿ ಸೀದೈತೆ? ನಾನೇ ನಿಂತು ಕಾಯಿಸಿದೀನಿ."

"ಮನೆಯೆಲ್ಲ ಸೀದ ವಾಸನೆ ಹೊಡೀತೈತಲ್ಲ."

ನೀಲಾಂಬಿಕ ಅಡಿಗೆಮನೆಗೆ ಬಂದಳು. ಹಾಲಿನ ಪಾತ್ರೆಯ ತಳ ಕರ್ರಗಾಗಿತ್ತು. ಎತ್ತಿ ಮೂಗಿಗೆ ಹಿಡಿದಳು. ಬಿಸಿ ಹಬೆ ಮುಖಕ್ಕೆ ತಾಕಿತು, ಬೇರೇನೂ ಇಲ್ಲ. ಪಾತ್ರೆಯಿಟ್ಟು ಇಂಗಿನ ಡಬ್ಬಿ ತೆಗೆದಳು. ಏನೂ ಇಲ್ಲ. ಏಲಕ್ಕಿಯನ್ನು ಉಗುರಿನಿಂದ ಸೀಳಿದಳು. ದೇವರ ಮನೆಗೆ ಹೋಗಿ ಕರ್ಪೂರವನ್ನು ಅಂಗೈಯಲ್ಲಿ ಪುಡಿಮಾಡಿ ಎರಡೂ ಕೈಯಲ್ಲಿ ಮುಖ ಮುಚ್ಚಿ ಉಸಿರೆಳೆದಳು. ಮೂಗಿನೊಳಗೆ ತಣ್ಣಗಾಯಿತು, ಅಷ್ಟೆ.

ಅಲ್ಲೇ ದೇವರ ಮುಂದೆ ಕೂತುಬಿಟ್ಟಳು. ಹೊರಗೆ ಜ್ಯೋತಿಲಕ್ಷ್ಮಿ ಯಾವುದೋ ಮಾತಿಗೆ ನಗುತ್ತಿದ್ದದ್ದು ಕೇಳಿಸುತ್ತಿತ್ತು.

ಬಂದವರೆಲ್ಲ ಹೋದ ಮೇಲೆ ಗಂಡನನ್ನು ಕೇಳಿದಳು.

"ರಕ್ಷಿತಾ ಮಾಡ್ತಿದ್ದ ಕಾಫೀಲಿ ಘಮ ಇತ್ತೇನ್ರಿ?"

ಚಂದ್ರಶೇಖರಪ್ಪ ಕೈಯಲ್ಲಿದ್ದ ಪೇಪರು ಮಡಿಚಿಟ್ಟರು. "ಇತ್ತು."

"ಫ್ರಿಜ್ಜಲ್ಲಿಟ್ಟಾಗ?"

"ಆವಾಗ್ಲೂ ಇತ್ತು. ಮಿಕ್ಸೀಲಿ ತಿರುವಿ ಮಾಡ್ತಿತ್ತಲ್ಲ, ಅದು ಇನ್ನೂ ಚೆನ್ನಾಗಿತ್ತು."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಕೇಳ್ತಿದ್ದೇನು? ಚನ್ನೇಶಿ ಹೇಳಿ ಅನ್ನಿಸ್ಕೊಂಡಿದ್ದು ನೋಡಿದ್ನಲ್ಲ. ಮನೇಲಿ ಸುಮ್ನೆ ರಂಪ ಬ್ಯಾಡ ಅಂತ ಇದ್ದೆ." ಅವರು ಕನ್ನಡಕ ತೆಗೆದು ಒರೆಸಿದರು. "ತಪ್ಪಾಯ್ತು. ಆ ಹುಡುಗಿ ನನ್ನ ಕಡೀಗೂ ನೋಡ್ತಿತ್ತು ಆವಾಗಾವಾಗ."

ಶಿವಮೊಗ್ಗದ ಡಾಕ್ಟರು ಮೂಗಿಗೆ ಬೆಳಕು ಬಿಟ್ಟು ನೋಡಿ, ಜ್ವರದ ಮೇಲೆ ಕೆಲವರಿಗೆ ಹೀಗಾಗುತ್ತದೆ, ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು. ಬಸ್ಸಿನಲ್ಲಿ ಬರುವಾಗ ನೀಲಾಂಬಿಕ ಗಂಡನಿಗೆ, "ಯಾರಿಗೂ ಹೇಳಬ್ಯಾಡ್ರಿ," ಎಂದಳು. ಕಾಯಿಲೆ ಮುಚ್ಚಿಡಲು ಹೇಳುತ್ತಿದ್ದಾಳೆ ಎಂದು ಅವರು ತಿಳಿದರು. ತಾನು ಮುಚ್ಚಿಡುತ್ತಿರುವುದು ಏನನ್ನು ಎಂಬುದು ಆಕೆಗೆ ಗೊತ್ತಿತ್ತು. ಮೂಗಿನ ಸಂಗತಿ ಹೊರಬಿದ್ದರೆ ಬ್ಯಾಗಿನ ಸಂಗತಿಯೂ ಅದರ ಹಿಂದೆಯೇ ಬರುತ್ತಿತ್ತು.

ಆ ವಾರದಲ್ಲೇ ನೆಂಟರ ಮನೆಯಲ್ಲಿ ಸೀಮಂತವಿತ್ತು. ಊಟದ ಸಾಲಿನಲ್ಲಿ ಕೂತಾಗ ಪಕ್ಕದ ಹೆಂಗಸು ಕೇಳಿದಳು, "ಸೊಸೆ ಬರ್ಲಿಲ್ವೇನ್ರಿ?"

"ತೌರಿಗೆ ಹೋಗ್ಯಾಳೆ."

"ಗೊತ್ತಾಯ್ತು ಬಿಡ್ರಿ. ಜ್ಯೋತಕ್ಕ ಹೇಳಿದ್ರು. ಕಾಫಿಪುಡಿ, ತುಪ್ಪ ಎಲ್ಲ ಉಳವಿಗೆ ಸಾಗಿಸ್ತಿದ್ಲಂತೆ. ಕಂಡೋರ ಮಕ್ಕಳನ್ನ ಹ್ಯಾಂಗೆ ನಂಬೋದು."

ತುಪ್ಪದ ಮಾತನ್ನು ನೀಲಾಂಬಿಕ ಯಾವತ್ತೂ ಆಡಿರಲಿಲ್ಲ. ಈಗ ಹೇಳಬಹುದಿತ್ತು. ಎಲೆಯ ಮೇಲೆ ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಿತ್ತು, ಸಾಲಿನ ಹೆಂಗಸರೆಲ್ಲ ಆಕೆಯ ಬಾಯಿಯನ್ನೇ ನೋಡುತ್ತಿದ್ದರು. ನೀಲಾಂಬಿಕ ಹೋಳಿಗೆ ಮುರಿದಳು. ಒಂದು ಮಾತೂ ಆಡಲಿಲ್ಲ. ಆಡದೆ ಇದ್ದದ್ದನ್ನು ಅವರು ಹೌದೆಂದು ತಿಳಿದರು ಎಂಬುದು ಕೈತೊಳೆಯುವಾಗ ಅವರ ಮುಖಗಳಲ್ಲೇ ಕಾಣಿಸಿತು.

ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಮಗನನ್ನು ಕರೆದಳು. ಮೂಗಿನ ಸಂಗತಿ ಹೇಳಿದಳು. ಸೀಮಂತದ ಸಂಗತಿಯನ್ನೂ ಹೇಳಿದಳು. ಚನ್ನೇಶ ಗೋಡೆ ನೋಡುತ್ತ ಕೇಳಿಸಿಕೊಂಡ.

"ಅವತ್ತು ಆ ಪುಡಿಗೆ ದುಡ್ಡು ಕೊಟ್ಟೋನು ನಾನು ಅವ್ವ," ಎಂದ.

"ನೀನಾ? ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

"ಚಿಕ್ಕತ್ತೆ ಎದುರಿಗೆ ನಿನಗೆ ಅವಮಾನ ಆಗ್ತೈತೆ ಅನ್ನಿಸ್ತು." "ನಾನು ಎರಡು ಸಲ ಉಳವಿಗೆ ಹೋಗಿ ಬಂದೆ. ಮಾತಾಡಿಸ್ತಾಳೆ, ಊಟ ಹಾಕ್ತಾಳೆ. ಬಾ ಅಂದ್ರೆ ಸುಮ್ನಾಗ್ತಾಳೆ."

ಮರುದಿನ ನೀಲಾಂಬಿಕ ಒಬ್ಬಳೇ ಹೊರಟಳು. ಚನ್ನೇಶ ಬಾಡಿಗೆ ಕಾರಿನಲ್ಲಿ ಬಿಡುತ್ತೇನೆಂದರೂ ಬೇಡವೆಂದಳು. ಶಿರಾಳಕೊಪ್ಪ ದಾಟಿ, ಸೊರಬದಲ್ಲಿ ಇಳಿದು, ಉಳವಿಯ ಬಸ್ಸಿಗೆ ಕಾಯುತ್ತ ನಿಂತಾಗ ಹಣ್ಣು ಕೊಂಡಳು. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಜ್ವರದಿಂದ ಶುರುಮಾಡಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ ಎಂದುಕೊಂಡಳು.

ರಕ್ಷಿತಾಳ ತಾಯಿ ಹಾಲಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಎದ್ದು, ಚಾಪೆ ಹಾಸಿ, ಕಾಲಿಗೆ ನೀರು ಕೊಟ್ಟಳು. ರಕ್ಷಿತಾ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು. ತಂದೆ ಪರಮಶಿವಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದು ದೂರದಲ್ಲಿ ಕೂತರು.

"ಹಾಲು ಕುಡೀತೀರಾ ಅಕ್ಕಾರೆ?" ಎಂದಳು ಹಾಲಮ್ಮ. "ಕಾಫಿ ಮಾಡ್ತಿಲ್ಲ ನಾವು ಈಗ. ಇವರು ಬೇಡ ಅಂದುಬಿಟ್ರು. ಪುಡಿ ಎಲ್ಲಿಂದ ಬಂತು ಅಂತ ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳೋದು."

ಜೋಡಿಸಿಕೊಂಡು ಬಂದ ಮಾತೆಲ್ಲ ಚದುರಿಹೋಯಿತು. ನೀಲಾಂಬಿಕ ತಡವರಿಸುತ್ತ ಹೇಳಿದಳು: ಜ್ವರ ಬಂದದ್ದು, ವಾಸನೆ ಹೋದದ್ದು, ಅದು ತನಗೇ ತಿಳಿಯದೆ ಇದ್ದದ್ದು, ಹಾಲು ಸೀದದ್ದು, ಡಾಕ್ಟರು ಹೇಳಿದ್ದು.

"ನನ್ನ ಮೂಗು ಹಾಳಾಗಿದ್ದಕ್ಕೆ ಇಷ್ಟೆಲ್ಲ ಆಯ್ತು ಹಾಲಮ್ಮ. ಗೊತ್ತಿದ್ರೆ ನಾನು ಹಂಗೆ ಮಾಡ್ತಿದ್ನಾ?"

ಹಾಲಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಕೆಯ ದನಿ ಏರಲಿಲ್ಲ.

"ಕಾಯಿಲೆ ಯಾರಿಗೂ ಬೇಕು ಅಂತ ಬರಲ್ಲ ಅಕ್ಕಾರೆ, ಅದಕ್ಕೆ ನಾವೇನೂ ಅನ್ನಲ್ಲ. ಆದ್ರೆ ಬ್ಯಾಗು ಬಿಚ್ಚಿದ್ದು ಮೂಗಲ್ಲ, ಕೈ. ನನ್ನ ಮಗಳ ಒಳಬಟ್ಟೆ ಹೊರಗಿಟ್ಟಿದ್ದು ಕೈ. ಪುಡೀಲಿ ನಿಜವಾಗ್ಲೂ ಘಮ ಇಲ್ಲದೆ ಇದ್ದಿದ್ರೆ ಆವಾಗ ಇವಳು ಕಳ್ಳಿ ಆಗ್ತಿದ್ಲಾ?"

ನೀಲಾಂಬಿಕ ಚಾಪೆಯ ಅಂಚನ್ನು ಬೆರಳಲ್ಲಿ ಹಿಡಿದು ಕೂತಳು. ಕೊನೆಗೆ, "ಇಲ್ಲ," ಎಂದಳು.

ರಕ್ಷಿತಾ ಬಾಗಿಲಿಂದಲೇ ಮಾತಾಡಿದಳು. "ಇದನ್ನ ಚಿಕ್ಕತ್ತೆಗೆ ಹೇಳಿದೀರಾ ಅತ್ತೆ?"

"ಹೇಳ್ತೀನಿ ಕಣವ್ವ, ಊರಿಗೆ ಹೋದ ಮೇಲೆ."

ರಕ್ಷಿತಾ ಅತ್ತೆಯ ಮುಖವನ್ನೇ ನೋಡಿದಳು. ನೀಲಾಂಬಿಕ ಚೀಲದಿಂದ ಫೋನು ತೆಗೆದಳು. ಮೊದಲು ಬೇರೆ ಯಾರಿಗೋ ಹೋಯಿತು, ಕತ್ತರಿಸಿ ಮತ್ತೆ ಹಚ್ಚಿದಳು.

"ಜ್ಯೋತಿ, ನಾನು. ಉಳವೀಲಿ ಇದೀನಿ. ನಂಗೆ ವಾಸನೆ ಬರಂಗಿಲ್ಲ. ಶ್ರಾವಣದಿಂದ ಬರಂಗಿಲ್ಲ. ಪುಡಿ ಸರಿಯಾಗೇ ಇತ್ತು. ರಕ್ಷಿತಾ ಏನೂ ತಗೊಂಡಿರ್ಲಿಲ್ಲ. ಆ ಪೊಟ್ಟಣ ಚನ್ನೇಶಿ ಕೊಡಿಸಿದ್ದು."

ಆ ಕಡೆಯಿಂದ, "ಅದನ್ನೆಲ್ಲ ಯಾರು ನೆನಪಿಟ್ಕೊಂಡಾರೆ ಬಿಡ್ರಿ ಅತ್ತಿಗೆ," ಎಂಬುದು ಜಗಲಿಯವರೆಲ್ಲರಿಗೂ ಕೇಳಿಸಿತು.

"ಸೀಮಂತದ ಮನೇಲಿ ನೆನಪಿಟ್ಕೊಂಡಿದ್ರು. ತುಪ್ಪಾನೂ ಸೇರಿಸಿದ್ರು. ನಾನು ಅಲ್ಲಿ ಬಾಯಿ ಮುಚ್ಕೊಂಡು ಊಟ ಮಾಡ್ದೆ. ನೀನು ಯಾರ್ಯಾರಿಗೆ ಹೇಳಿದಿಯೋ ಅವರಿಗೆಲ್ಲ ಇದನ್ನೂ ಹೇಳು. ನಾನೂ ಹೇಳ್ತೀನಿ."

ನೀಲಾಂಬಿಕ ಫೋನು ಚೀಲದೊಳಗಿಟ್ಟಳು. ಎದುರು ಮನೆಯ ಹೆಂಗಸೊಬ್ಬಳು ಕಸಬರಿಗೆ ಹಿಡಿದು ನಿಂತವಳು ಮತ್ತೆ ಗುಡಿಸತೊಡಗಿದಳು. ಹಾಲಮ್ಮ ಒಳಗೆ ಹೋಗಿ ಹಾಲು ಕಾಯಿಸಿ ತಂದಳು. ನೀಲಾಂಬಿಕ ಕುಡಿದಳು. ಬಿಸಿಯಿತ್ತು, ಸಿಹಿಯಿತ್ತು.

"ಇವತ್ತೇ ಬರ್ತೀಯೇನವ್ವ?" ಎಂದು ಕೇಳಿದಳು.

"ಇಲ್ಲ ಅತ್ತೆ," ಎಂದಳು ರಕ್ಷಿತಾ. "ಸೋಮವಾರ ಅವರು ಬರಲಿ, ಬರ್ತೀನಿ. ಅವರ ಹತ್ರಾನೂ ನಂಗೆ ಮಾತಾಡೋದಿದೆ."

ಮರಳುವಾಗ ಪರಮಶಿವಪ್ಪ ಬಸ್‌ಸ್ಟಾಪಿನ ತನಕ ಜೊತೆಗೆ ಬಂದರು. ಆಕೆಯ ಚೀಲವನ್ನು ತಾವೇ ಹಿಡಿದಿದ್ದರು. ದಾರಿಯುದ್ದಕ್ಕೂ ಆಡಿದ್ದು ಭತ್ತದ ಮಾತು. ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬ ಎದ್ದು ನಿಂತು ಕೇಳಿದ.

"ಬೀಗರು ಬಂದಿದ್ರಾ ಪರಮಶಿವಣ್ಣ? ಏನು ವಿಶೇಷ?"

ನೀಲಾಂಬಿಕ ನೆಲ ನೋಡಿದಳು. ಮಗಳು ಹಬ್ಬಕ್ಕೆ ಬಂದು ಹೋಗದೆ ಉಳಿದಿರುವುದನ್ನು ಈ ಊರು ಕಾಣದೆ ಇರುತ್ತದೆಯೆ. ಈತ ಏನು ಹೇಳಿದರೂ ಕೇಳಿಸಿಕೊಂಡು ನಿಲ್ಲಬೇಕು ಎಂದುಕೊಂಡಳು.

"ಏನಿಲ್ಲ," ಎಂದರು ಪರಮಶಿವಪ್ಪ. "ಸೊಸೇನ ಬಿಟ್ಟು ಇರಕ್ಕಾಗದೆ ನೋಡಕ್ಕೆ ಬಂದಿದ್ರು. ಪಾಪ, ಒಬ್ರೇ ಬಸ್ಸಲ್ಲಿ ಬಂದಾರೆ."

"ಒಳ್ಳೆ ಮನೆ ಸಿಕ್ತು ನಿಮ್ಮ ಹುಡುಗಿಗೆ," ಎಂದ ಕಟ್ಟೆಯವನು.

"ಹೂಂ," ಎಂದರು ಪರಮಶಿವಪ್ಪ.

ನೀಲಾಂಬಿಕಳಿಗೆ ಕಣ್ಣೆತ್ತಲಾಗಲಿಲ್ಲ. ಬಸ್ಸು ಬಂತು. ಪರಮಶಿವಪ್ಪ ಕಂಡಕ್ಟರನಿಗೆ ಹೇಳಿ ಮುಂದಿನ ಸೀಟು ಕೊಡಿಸಿ, ಚೀಲವನ್ನು ಕಿಟಕಿಯಿಂದ ಮಡಿಲಿಗಿಟ್ಟು, ಹಿಂದೆ ಸರಿದು ಕೈಮುಗಿದರು. ಆಕೆ ಚೀಲವನ್ನು ಪಕ್ಕಕ್ಕಿಟ್ಟು ಎರಡೂ ಕೈ ಜೋಡಿಸುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.